ನನ್ನ ಗೋಡೆ, ಪಕ್ಕದವರ ತೊಲೆ

ಊರು ಬೆಳೆಯಬೇಕೆಂದು ನನ್ನಷ್ಟು ಹಂಬಲಿಸಿದವರು ಚಾಮರಾಜನಗರದಲ್ಲಿ ಇನ್ನೊಬ್ಬರಿರಲಾರರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಮೈಸೂರಿನಿಂದ ಹೊರಟ ರೈಲು ನಮ್ಮೂರಿಗೆ ಬಂದು, ಮುಂದೆ ದಾರಿಯಿಲ್ಲದೆ ನಿಂತುಬಿಡುತ್ತದೆ. ಇಳಿದವರು ಸಂತೆಮರಹಳ್ಳಿಗೋ ಉಮ್ಮತ್ತೂರಿಗೋ ಹೊರಟುಹೋಗುತ್ತಾರೆ. ಪೇಟೆ ಬೀದಿ ದಾಟಿದರೆ ಒಂದು ಮನೆ, ನಾಲ್ಕು ಬಯಲು, ಮತ್ತೊಂದು ಮನೆ. ಮುದುಕನ ಬಾಯಿಯ ಹಲ್ಲಿನಂತೆ. ಮನೆಗೆ ಮನೆ ತಗುಲಬೇಕು, ಮೇಲೊಂದು ಅಂತಸ್ತು ಏಳಬೇಕು, ಆಗ ದೀಪ, ನಲ್ಲಿ, ಡಾಕ್ಟರು ಎಲ್ಲ ತಾವಾಗಿ ಬರುತ್ತವೆ ಎಂದು, ಕಚೇರಿಯಿಂದ ನಿವೃತ್ತನಾದಂದಿನಿಂದ ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಐದಕ್ಕೆ ಏಳುವುದು, ಐದೂಮುಕ್ಕಾಲಿಗೆ ತಿರುಗಾಟಕ್ಕೆ ಹೊರಡುವುದು, ಏಳೂಕಾಲಿಗೆ ಹೊಸಿಲು ತುಳಿಯುವುದು ನನ್ನ ಕ್ರಮ. ನಾನು ಬರುವುದನ್ನು ಕಂಡು ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದುದೂ ಅಷ್ಟೇ ಕ್ರಮಬದ್ಧವಾಗಿತ್ತು.

ನಮ್ಮ ಮನೆ ಊರಿನ ಅಂಚಿನಲ್ಲಿದೆ. ಪಕ್ಕದ ಬಯಲೂ ನನ್ನದೇ. ಗುಂಡ್ಲುಪೇಟೆಯಿಂದ ಇಲ್ಲಿಗೆ ವರ್ಗವಾಗಿ ಬಂದ ಕಾಂಪೌಂಡರ್ ಬಸಪ್ಪ ಒಂದು ದಿನ ಆ ಜಾಗ ಕೇಳಿಕೊಂಡು ಬಂದ.

"ಸ್ವಾಮಿ, ಜಾಗ ಇಕ್ಕಟ್ಟು. ನಿಮ್ ಗ್ವಾಡೆ ಮ್ಯಾಲೆ ನಮ್ ತೊಲೆ ಮಡಿಕ್ಕೊಂಡ್ರೆ ಒಂದು ಗ್ವಾಡೆ ಉಳೀತದೆ. ನಮ್ಮೂರ್ನಾಗೆ ಬೀದಿಗೆ ಬೀದಿನೇ ಅಂಗೆ ಕಟ್ಟವ್ರೆ."

ಒಂದೇ ಗೋಡೆಗೆ ಎರಡು ಮನೆಯ ತೊಲೆ ಹೊರಿಸುವುದು ನಮ್ಮ ಕಡೆಯ ಹಳೆಯ ರೂಢಿ. ಹರದನಹಳ್ಳಿಯಲ್ಲಿ ನಾನು ಹುಟ್ಟಿದ ಮನೆಯೂ ಹಾಗೆಯೇ ಇತ್ತು. ಪಕ್ಕದ ಮನೆಯ ಹುಡುಗ ಸೀನಿದರೆ ನಮ್ಮಜ್ಜಿ "ನೂರೊರ್ಸ ಬಾಳು ಕಣ್ಲಾ" ಎಂದು ಗೋಡೆಗೇ ಹರಸುತ್ತಿದ್ದಳು. ಆದರೆ ಈ ಗೋಡೆಗೆ ನಾನೇ ಬಿಸಿಲಲ್ಲಿ ನಿಂತು ಗಾರೆ ಮಾಡಿಸಿದ್ದೆ. ಅದಕ್ಕೆ ತೂತು ಕೊರೆಯುವುದೇ? ಎರಡು ಮೊಳ ಸಂದಿ ಬಿಟ್ಟು ಕಟ್ಟಿಕೊಳ್ಳಿ ಎಂದೆ.

"ಸಂದಿಲಿ ಯಾರ್ ಸ್ವಾಮಿ ಬಾಳಾರು? ಆವು, ಚೇಳು!" ಎಂದು ನಕ್ಕು ಬಸಪ್ಪ ಹೊರಟುಹೋದ.

ಒಳಗಿಂದ ಕೇಳಿಸಿಕೊಂಡ ನನ್ನ ಹೆಂಡತಿ ನಂಜಮ್ಮ ನಗಲಿಲ್ಲ. "ಊರೋರ್ಗೆಲ್ಲ ಒತ್ತಾಗಿ ಕಟ್ರಪ್ಪ ಅಂತೀರಿ. ನಮ್ ಪಕ್ಕಕ್ಕೊಂದು ಒಲೆ ಬತ್ತದೆ ಅಂದ್ರೆ ಮೊಳ ಹಾಕ್ತೀರಿ. ದಿನಾ ನಾನು ಯಾರ್ ಕುಟೆ ಮಾತಾಡ್ಲಿ, ಜಾಲಿ ಗಿಡದ ಕುಟೆಯಾ?"

ಇದು ತತ್ವದ ಪ್ರಶ್ನೆ ಎಂದೆ. ತತ್ವಕ್ಕೆ ಅವಳು ಉತ್ತರ ಕೊಡುವುದಿಲ್ಲ, ಪಾತ್ರೆ ಕುಕ್ಕುತ್ತಾಳೆ.

ಮುಂದಿನ ಕಾರ್ತಿಕದ ಒಂದು ಬೆಳಿಗ್ಗೆ ಸ್ಟೇಷನ್ನಿನ ಬಳಿ ಅಕ್ಕಿ ಗಿರಣಿಯವರೊಬ್ಬರನ್ನು ತಡೆದು ನಿಲ್ಲಿಸಿದೆ. ಮನೆಗಳು ಒತ್ತೊತ್ತಾಗಿದ್ದರೆ ಆಪತ್ತಿನಲ್ಲಿ ಒಂದು ಕೂಗು ಹಾಕಿದರೆ ಸಾಕು, ಹತ್ತು ಜನ ಓಡಿಬರುತ್ತಾರೆ ಎಂದು ವಿವರಿಸಿದೆ. ಅದೇ ಹೊತ್ತಿಗೆ ನಂಜಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ಕೂಗುತ್ತಿದ್ದಳು. ಏಳೂಕಾಲಿಗೆ ಬಂದೆ. ಕಾಲು ತೊಳೆದೆ. ಕಾಫಿ ಇರಲಿಲ್ಲ. ಮಣೆಯ ಮೇಲೆ ಕೂತು "ಹೊತ್ತೆಷ್ಟಾಯಿತು?" ಎಂದು ಎರಡು ಸಲ ಗದರಿದೆ. ಮೂರನೆಯ ಸಲಕ್ಕೆ ಹಿತ್ತಿಲಿನಿಂದ ಉತ್ತರ ಬಂತು.

"ಬಿದ್ದೋದೆ ಕಣಿ. ಕೂಗಿ ಕೂಗಿ ಗಂಟ್ಲು ಬತ್ತೋಯ್ತು."

ಸೊಂಟದ ಮೂಳೆ ಮುರಿದಿತ್ತು. ಅದು ಕೂಡಿಕೊಂಡಿತು, ಸೊಟ್ಟಗೆ. ಊರುಗೋಲಿಲ್ಲದೆ ಅವಳು ಇನ್ನು ನಡೆಯುವಂತಿಲ್ಲ. ಗುಂಡ್ಲುಪೇಟೆಯಿಂದ ಅವಳ ತಮ್ಮ ಬಂದು ಕರೆದುಕೊಂಡು ಹೊರಟ. ಗಾಡಿ ಹತ್ತುವ ಮುಂಚೆ ಅವಳು ಹೇಳಿದ್ದಿಷ್ಟು: "ಪಕ್ಕದಲ್ಲೊಂದು ಒಲೆ ಹತ್ತಿದ ದಿನ ಯೋಳಿ ಕಳ್ಸಿ, ಬತ್ತೀನಿ. ಅಲ್ಲೀಗಂಟ ಈ ಬಯಲಲ್ಲಿ ನಾನಿರಾಕಿಲ್ಲ."

ಬಸ್ಸು ಹಿಡಿದು ನಾನೂ ಗುಂಡ್ಲುಪೇಟೆಗೆ ಹೋದೆ. ಬಸಪ್ಪ ವರ್ಗ ಮಾಡಿಸಿಕೊಂಡು ಅಲ್ಲಿಗೇ ಮರಳಿದ್ದ. ಎಷ್ಟು ತೊಲೆ ಬೇಕಾದರೂ ಇಡು ಮಾರಾಯ ಎಂದು ಕೇಳಿಕೊಂಡೆ.

"ತಡ ಮಾಡ್ಬುಟ್ರಿ ಸ್ವಾಮಿ. ಇಲ್ಲೇ ಕಟ್ಬುಟ್ಟೆ. ಅಕ್ಕಪಕ್ಕದೋರು ಇಬ್ರೂ ಗ್ವಾಡೆ ಕೊಟ್ರು. ಮುಂದ್ಲುದು ಇಂದ್ಲುದು ಮಾತ್ರ ನಾನು ಎಬ್ಸಿದ್ದು."

ಭಾವಮೈದುನನ ಮನೆ ಅದೇ ಬೀದಿಯಲ್ಲಿ. ಜಗಲಿಯ ಮೇಲೆ ನಂಜಮ್ಮ ನಾಲ್ಕು ಮನೆಯ ಹೆಂಗಸರ ನಡುವೆ ಕೂತು, ಯಾರದೋ ಮನೆಯ ಅವರೆಕಾಯಿ ಸುಲಿಯುತ್ತಾ ಜೋರಾಗಿ ನಗುತ್ತಿದ್ದಳು. ಅಷ್ಟು ಜೋರಾಗಿ ನಗಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಕಂಡು ನಿಲ್ಲಿಸಿದಳು.

ಹೋದ ತಿಂಗಳು ಸಂತೆಮರಹಳ್ಳಿಯ ಜವಳಿ ವ್ಯಾಪಾರಿಯೊಬ್ಬರು ಜಾಗ ನೋಡಲು ಬಂದರು. ಹೆಂಡತಿ, ತಾಯಿ, ಐವರು ಮಕ್ಕಳ ಸಂಸಾರ. ನನ್ನ ಎದೆ ಹಗುರವಾಯಿತು. ತೊಲೆ ಇಡಿ, ಗಾರೆ ಒಡೆಯಿರಿ, ಮಹಡಿಯನ್ನೇ ಎಬ್ಬಿಸಿ ಎಂದೆ. ಅವರು ಖುಷಿಯಿಂದ ಗೋಡೆ ತಟ್ಟಿ ನೋಡಿದರು. ಮುಂದೆ ಮನಸ್ತಾಪ ಬೇಡವೆಂದು ಒಂದು ಹಾಳೆಯಲ್ಲಿ ಕೆಲವು ಮಾತು ಬರೆದುಕೊಟ್ಟೆ: ಆರು ಗಂಟೆಗೆ ಮುಂಚೆ ಒನಕೆ ಕುಟ್ಟಬಾರದು, ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಕ್ಕಳು ಅಳಬಾರದು, ಗೋಡೆಗೆ ಮೊಳೆ ಹೊಡೆಯುವುದಾದರೆ ಮುನ್ನಾದಿನವೇ ತಿಳಿಸಬೇಕು. ಹೀಗೆ ಹನ್ನೊಂದು.

ಅವರು ಓದಿ, ಹಾಳೆಯನ್ನು ಮಡಿಸಿ ಕೈಗಿತ್ತರು. "ಜೈಲ್ಗೂ ಇಷ್ಟು ಕಾನೂನಿಲ್ಲ ಬುಡಿ ಸ್ವಾಮಿ" ಎಂದವರು ಮತ್ತೆ ಬರಲಿಲ್ಲ.

ನಿನ್ನೆ ನಂಜಮ್ಮನಿಗೆ ಕಾಗದ ಬರೆಯಲು ಕೂತೆ. ಏನು ಬರೆಯಬೇಕೋ ತೋಚದೆ ಆ ಹಾಳೆಯನ್ನೇ ತೆಗೆದು, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದೆ. ಹನ್ನೊಂದರಲ್ಲಿ ಬಿಡಬಹುದಾದದ್ದು ಒಂದೂ ಕಾಣಲಿಲ್ಲ.