ಕೂತಲ್ಲೇ ಘಾಟು ಇಳಿಸುವ ಖುರ್ಚಿ

ಇಚಲಕರಂಜಿಯ ತನ್ನ ಮನೆಯಲ್ಲಿ ಕೂತಲ್ಲೇ ಅಂಬೋಲಿ ಘಾಟು ಇಳಿದು ತೋರಿಸದಿದ್ದರೆ ತನ್ನ ಹೆಸರು ಕಾಡಸಿದ್ದನೇ ಅಲ್ಲ ಎಂದು ಕಾಡಸಿದ್ದ ಪಾನಪಟ್ಟಿ ಅಂಗಡಿಯ ಮುಂದೆ ನಿಂತು ಪಣ ತೊಟ್ಟ. ಅಲ್ಲಿದ್ದವರೆಲ್ಲ ಹೂಂ ಅಂದರು. ಅವರಿಗೆ ಅರ್ಧವೂ ಕೇಳಿಸಿರಲಿಲ್ಲ. ಎಡಕ್ಕೂ ಬಲಕ್ಕೂ ಮಗ್ಗ ಬಡಿಯುವ ಓಣಿಯಲ್ಲಿ ಅರ್ಧ ಮಾತು ಕೇಳಿ ಪೂರಾ ಹೂಂ ಅನ್ನುವುದೇ ರೀತಿ.

ಕಾಡಸಿದ್ದ ಮಗ್ಗ ರಿಪೇರಿ ಮಾಡುವ ಜಾಬರ. ವಯಸ್ಸು ಐವತ್ತು ದಾಟಿತ್ತು. ಮಗಳು ರುತುಜಾ ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರ್ ಬಿಟ್ಟು ಹೋಗಿದ್ದಳು. ಅದರಲ್ಲಿ ಬಸ್ಸು ಓಡಿಸುವ ಗೇಮ್ ಒಂದಿತ್ತು. ಅಷ್ಟೇ ಸಾಕಾಯಿತು. ಗಂಡಸು ಸಂಜೆಯಾದರೆ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಬಸ್ಸು ಬಿಡಲು ಕೂರುತ್ತಿದ್ದ. ಅವನಿಗಿದ್ದ ಕೊರಗು ಒಂದೇ. ಪರದೆಯ ಮೇಲೆ ಬಸ್ಸು ತಿರುವಿನಲ್ಲಿ ವಾಲಿದರೂ ಕೆಳಗಿನ ಸ್ಟೂಲು ಮಾತ್ರ ಗುಡಿ ಮುಂದಿನ ಬಸವಣ್ಣನ ಹಾಗೆ ಗಟ್ಟಿ ಕೂತಿರುತ್ತಿತ್ತು. ಗೇಮಿನ ಜೊತೆಗೆ ತಾನೂ ಅಲುಗಾಡುವ ಖುರ್ಚಿ ಪೇಟೆಯಲ್ಲಿ ಸಿಗುತ್ತದೆ, ಆದರೆ ಅದನ್ನು ಕೊಂಡವನು ಮನೆ ಮಾರಬೇಕು ಎಂದು ಅಳಿಯ ಫೋನಿನಲ್ಲಿ ಹೇಳಿದ್ದ.

ದಿನಬೆಳಗಾದರೆ ಮಗ್ಗವನ್ನೇ ಅಲುಗಾಡಿಸುವವನಿಗೆ ಒಂದು ಖುರ್ಚಿ ಅಲುಗಾಡಿಸುವುದು ಏನು ಮಹಾ! ಮೋಡಕಾ ಅಂಗಡಿಯ ಗುಜರಿಯಿಂದ ಲಾರಿ ಡ್ರೈವರನ ಸೀಟು ತಂದ. ಎತ್ತರದ ಬೆನ್ನು, ಎರಡು ಕಡೆ ಕೈ, ಸಾಕ್ಷಾತ್ ಸಿಂಹಾಸನ. ಅದರ ಕೆಳಗೆ ಸ್ಕೂಟರಿನ ಸ್ಪ್ರಿಂಗು, ಸ್ಪ್ರಿಂಗಿನ ಕೆಳಗೆ ಹಳೆಯ ಮಗ್ಗದ ಮೋಟಾರು. ಖುರ್ಚಿಗೂ ಗೇಮಿಗೂ ನಂಟು ಬೆಸೆಯುವುದು ಮಾತ್ರ ಅವನಿಗೆ ತಿಳಿಯಲಿಲ್ಲ. ಹೀಗಾಗಿ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿದ್ದರೂ ಖುರ್ಚಿ ಘಾಟು ಇಳಿಯುತ್ತಲೇ ಇರುತ್ತಿತ್ತು. ರಸ್ತೆ ಕೆಟ್ಟಿದೆ ಅಂತ ತಿಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಿಲ್ಲಿಸುವ ಉಪಾಯವನ್ನೂ ಮಗ್ಗದಿಂದಲೇ ತೆಗೆದ. ಮಗ್ಗದಲ್ಲಿ ದಾರ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಹಾಗೆಯೇ ಖುರ್ಚಿಯ ಬಲಗೈಯಿಂದ ಮೋಟಾರಿಗೆ ಒಂದು ದಾರ ಬಿಗಿದ. ಕೂತವನು ದಾರ ಹರಿದರೆ ಖುರ್ಚಿ ನಿಲ್ಲಬೇಕು. ಆಮೇಲೆ, ಇಷ್ಟು ದೊಡ್ಡ ಕೆಲಸಕ್ಕೆ ಒಂದೆಳೆ ದಾರ ಶೋಭಿಸುವುದಿಲ್ಲವೆಂದು ನಾಲ್ಕೆಳೆ ಹೊಸೆದು ಕಟ್ಟಿದ. ಹರಿಯಲೆಂದೇ ಕಟ್ಟಿದ ದಾರವನ್ನು ಹರಿಯದ ಹಾಗೆ ಕಟ್ಟಿದವನು ಊರಿನಲ್ಲಿ ಅವನೊಬ್ಬನೇ.

ಹೆಂಡತಿ ಬಾಳಕ್ಕ ಮಗಳ ಊರಿಂದ ಬಂದಾಗ ಪಡಸಾಲೆಯ ನೆಲದ ಫರಶಿಗೆ ತೂತು ಬಿದ್ದು, ಸಿಂಹಾಸನ ನೆಟ್ಟಗೆ ಎದ್ದು ನಿಂತಿತ್ತು. ಬಾಳಕ್ಕ ಕೈಯೊಳಗಿನ ಚೀಲ ಇಳಿಸದೆ ಅದನ್ನೇ ನೋಡಿದಳು.

"ಇದನ್ನ ಯಾವಾಗ ತಗೀತೀರಿ?"

"ತಗ್ಯಾಕ ಬರೂದಿಲ್ಲ. ಬೋಲ್ಟ್ ಹಾಕೇನಿ."

"ರವಿವಾರ ನಮ್ಮನ್ಯಾಗ ಗಟದ ಮೀಟಿಂಗ್ ಐತಿ."

"ಒಂದು ಖುರ್ಚಿ ಹೆಚ್ಚಾತು ಅಂತ ತಿಳಿ."

ಬಾಳಕ್ಕ ತಿಳಿಯಲಿಲ್ಲ. ಅದು ಅಂತಿಂಥ ಮೀಟಿಂಗು ಅಲ್ಲ. ಓಣಿಯ ಹೆಂಗಸರ ಉಳಿತಾಯದ ಸಂಘ, ಅಂದರೆ ಬಚತ ಗಟ, ಸೀರೆಯೊಳಗೆ ಉಡುವ ಪರಕರ ಹೊಲಿಯುತ್ತಿತ್ತು. ಗಟದ ಅಧ್ಯಕ್ಷೆ ಧೊಂಡುಬಾಯಿ. ಹೆಸರಿಗೆ ಆಕೆ, ಕಾರಭಾರ ಎಲ್ಲ ಆಕೆಯ ಗಂಡ ತಾತೋಬಾನದು. ಹೊಲಿದ ಪರಕರವೆಲ್ಲ ಅವನ ಅಂಗಡಿಗೇ ಹೋಗಬೇಕು, ಅವನು ಹೇಳಿದ್ದೇ ಧಾರಣೆ. ಗಡಹಿಂಗ್ಲಜದ ಸಂತೆಗೆ ತಾವೇ ಒಯ್ದು ಮಾರಬೇಕೆಂದು ಬಾಳಕ್ಕ ಹಟ ಹಿಡಿದಿದ್ದಳು. ಅದಕ್ಕೆ ಆಕೆ ಅಧ್ಯಕ್ಷೆ ಆಗಬೇಕು. ರವಿವಾರ ಕೈ ಎತ್ತಿಸಿ ಆರಿಸುವುದೆಂದು ಗೊತ್ತಾಗಿತ್ತು. ಅರ್ಧ ಮಂದಿ ಈ ಕಡೆ, ಅರ್ಧ ಮಂದಿ ಆ ಕಡೆ. ನಡುವೆ ಮುದುಕಿ ಲಗಮವ್ವ. ಆಕೆ ಯಾವ ಕಡೆ ವಾಲುತ್ತಾಳೋ ಗಟವೇ ಆ ಕಡೆ ವಾಲುತ್ತದೆ. ಮೀಟಿಂಗ್ ಮುಗಿಯುವ ತನಕ ಆ ಖುರ್ಚಿ ಮುಟ್ಟಿದರೆ ಮನೆಯೊಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುವುದಿಲ್ಲ ಎಂದು ಗಂಡನಿಗೆ ತಾಕೀತು ಮಾಡಿ, ಬಾಳಕ್ಕ ಸಿಂಹಾಸನಕ್ಕೆ ಒಂದು ಕೌದಿ ಹೊದಿಸಿದಳು.

ರವಿವಾರ ಮುಂಜಾನೆ ಕಾಡಸಿದ್ದನ ಕೈ ತಡೆಯಲಿಲ್ಲ. ಬಾಳಕ್ಕ ಹಿತ್ತಲಿಗೆ ಹೋದದ್ದು ನೋಡಿ, ಖುರ್ಚಿಯ ಹಿಂದೆ ಗೋಡೆಗಿದ್ದ ಸ್ವಿಚ್ ಒತ್ತಿದ. ಖುರ್ಚಿ ಅಲುಗಲಿಲ್ಲ. ಲೈಟ್ ಹೋಗಿತ್ತು. ಮೇಲೆ ಒತ್ತಿದ, ಕೆಳಗೆ ಒತ್ತಿದ. ಅಷ್ಟರಲ್ಲಿ ಜಮಖಾನೆ ಹಾಸಲು ಕೂಗು ಬಂತು, ಓಡಿದ. ಕರೆಂಟೇ ಇಲ್ಲದಾಗ ಸ್ವಿಚ್ ಮೇಲಿದ್ದರೇನು, ಕೆಳಗಿದ್ದರೇನು!

ಹೆಂಗಸರು ಬಂದು ಜಮಖಾನೆಯ ಮೇಲೆ ಕೂತರು. ಕಾಡಸಿದ್ದನನ್ನು ಬಾಳಕ್ಕ ಚಹಾ ಮಾಡಲು ಒಳಗೆ ಹಾಕಿದ್ದಳು. ಕಡೆಗೆ ಬಂದವಳು ಧೊಂಡುಬಾಯಿ. ಬಾಳಕ್ಕ ತನ್ನ ಮಗ್ಗುಲಲ್ಲಿ ಜಾಗ ತೋರಿಸಿದರೂ ಆಕೆಯ ಕಣ್ಣು ಎತ್ತರದ ಖುರ್ಚಿಯ ಮೇಲೆ ಬಿತ್ತು. ಅಧ್ಯಕ್ಷೆಯಾದವಳು ಎತ್ತರದ್ದು ಬಿಟ್ಟು ಕೆಳಗೆ ಹೇಗೆ ಕೂತಾಳು? ಕೌದಿಯ ಮೇಲೆಯೇ ಕೂತಳು. ಸ್ಪ್ರಿಂಗು ಕುಂಯ್ ಅಂದದ್ದು ಅಡಿಗೆ ಮನೆಗೆ ಕೇಳಿಸಿತು. ಲೈಟ್ ಇಲ್ಲವಲ್ಲ ಎಂದು ಕಾಡಸಿದ್ದ ಚಹಾ ಸೋಸುತ್ತ ಉಳಿದ.

ಮಗ್ಗಗಳೆಲ್ಲ ನಿಂತು ಓಣಿ ಗಪ್ಪಾಗಿತ್ತು. ಆ ಗಪ್ಪಿನಲ್ಲಿ ಧೊಂಡುಬಾಯಿಯ ಭಾಷಣ ಘಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ತಾನು ಗಟಕ್ಕಾಗಿ ಎಷ್ಟು ಸವೆದಿದ್ದೇನೆಂದು ಹೇಳಿ, ಕಣ್ಣಿಗೆ ಸೆರಗು ಹಚ್ಚಿ, ಕಡೆಯ ಮಾತಿಗೆ ಬಂದಳು.

"ನನಗ ಈ ಖುರ್ಚಿ ಆಸೆ ಎಳ್ಳಷ್ಟೂ ಇಲ್ರಿ. ಯಾರಿಗೆ ಬೇಕೋ ಅವ್ರು ಒಂದು ಮಾತು ಹೇಳ್ರಿ. ಈಗಿಂದೀಗ ಬಿಟ್ಟು ಏಳತೇನಿ."

ಲೈಟ್ ಬಂತು.

ಓಣಿಯ ಮಗ್ಗವೆಲ್ಲ ಒಮ್ಮೆಲೇ ಖಟಾಖಟ ಶುರುವಾದವು. ಧೊಂಡುಬಾಯಿಯೂ ಶುರುವಾದಳು. ಮುಂದಕ್ಕೆ ಬಾಗಿ ಎಲ್ಲರಿಗೂ ನಮಸ್ಕಾರ ಮಾಡಿದಳು, ಹಿಂದಕ್ಕೆ ಸರಿದು ಮನೆಯ ಮಾಡು ನೋಡಿದಳು, ಎಡಕ್ಕೆ ವಾಲಿ ತನ್ನ ಪಕ್ಷದವರನ್ನೂ ಬಲಕ್ಕೆ ವಾಲಿ ಎದುರು ಪಕ್ಷದವರನ್ನೂ ಮಾತಾಡಿಸಿದಳು. ಎರಡೂ ಕೈಯಿಂದ ಖುರ್ಚಿ ಗಟ್ಟಿ ಹಿಡಿದಿದ್ದಳು.

ಬಾಳಕ್ಕ ಗಾಬರಿಯಾಗಿ ಎದ್ದು ಮಗ್ಗದ ಸಪ್ಪಳದ ಮೇಲೆ ದನಿ ಏರಿಸಿದಳು. "ಬಾಯಾರ, ಖುರ್ಚಿ ಬಿಡ್ರಿ!"

"ಸತ್ತರೂ ಬಿಡಾಂಗಿಲ್ಲ!" ಎಂದಳು ಧೊಂಡುಬಾಯಿ.

ಹಿಂದೆ ಕೂತವರಿಗೆ ಕೇಳಿಸಿದ್ದು ಇಷ್ಟೇ ಮಾತು. ಚುನಾವಣೆ ಶುರುವಾಯಿತೆಂದು ಅರ್ಧ ಮಂದಿ ಕೈ ಎತ್ತಿದರು. ಯಾರಿಗೆ ಎತ್ತಿದೆವೆಂಬುದು ಅವರಿಗೂ ಗೊತ್ತಿರಲಿಲ್ಲ.

ಕಾಡಸಿದ್ದ ಚಹಾದ ಸೋಸಣಿಕೆ ಹಿಡಿದುಕೊಂಡೇ ಓಡಿ ಬಂದ. ಸ್ವಿಚ್ಚಿನ ಕಡೆ ಹೋಗಬೇಕೆಂದರೆ ಖುರ್ಚಿಯ ಬೆನ್ನಿಗೂ ಗೋಡೆಗೂ ನಡುವೆ ಗೇಣು ಜಾಗ. ಒಳಗೆ ತೂರಿದ. ಖುರ್ಚಿ ಹಿಂದಕ್ಕೆ ಬಂದು ಅವನನ್ನು ಬಾಗಿಲಿನ ತನಕ ಕಳಿಸಿಕೊಟ್ಟಿತು. ಬಿದ್ದಲ್ಲಿಂದಲೇ ಅವನು ಧೊಂಡುಬಾಯಿಗೆ ಕೂಗಿ ಹೇಳಿದ. "ದಾರ ಹರೀರಿ ಬಾಯಾರ, ದಾರ!"

ಧೊಂಡುಬಾಯಿ ಖುರ್ಚಿಯಿಂದ ಒಂದು ಕೈ ಬಿಟ್ಟು ಕೊರಳಿನ ಮಂಗಳಸೂತ್ರ ಹಿಡಿದುಕೊಂಡಳು. "ನನ್ನ ಗಂಡ ಇನ್ನೂ ಗಟ್ಟಿ ಅದಾನೋ ಭಾಡ್ಯಾ!"

ಬಾಳಕ್ಕ ಜಾಬರನ ಹೆಂಡತಿ. ಯಾವ ದಾರ ಎಂಬುದು ಆಕೆಗೆ ತಿಳಿಯಿತು. ಮೊಣಕಾಲೂರಿ, ಖುರ್ಚಿಯ ಕೈ ಕೆಳಗೆ ತಡಕಾಡಿ ದಾರ ಹಿಡಿದು ಜಗ್ಗಿದಳು. ನಾಲ್ಕೆಳೆಯ ದಾರ ಹೂಂ ಅನ್ನಲಿಲ್ಲ. ಗಂಡನ ಕಡೆ ಒಂದು ಸಲ ನೋಡಿ, ಬಾಗಿ, ಹಲ್ಲಿನಿಂದ ಕಟ್ಟನೆ ಕಡಿದಳು.

ಖುರ್ಚಿ ಗಕ್ಕನೆ ನಿಂತಿತು. ಧೊಂಡುಬಾಯಿ ನಿಲ್ಲಲಿಲ್ಲ. ಜಾರಿ ಬಂದು ಜಮಖಾನೆಯ ಮೇಲೆ, ಮೊದಲು ಬಾಳಕ್ಕ ತೋರಿಸಿದ್ದ ಜಾಗದಲ್ಲಿಯೇ ಕೂತಳು.

ಆಮೇಲೆ ಲಗಮವ್ವ ಬಾಯೊಳಗಿನ ಎಲೆಯಡಿಕೆ ಒಂದು ಕಡೆ ಒತ್ತಿಕೊಂಡು ಅಂದಳು. "ಬಿಡತೇನಿ ಅಂದಾಕಿ ಬಿಡಲಿಲ್ಲ. ಈಕಿ ನಿಲ್ಲಸಿ ತೋರಿಸಿದ್ಲು. ಖುರ್ಚಿ ಯಾರಿಗೆ ಕೊಡಬೇಕು ಅಂತ ಇನ್ನೂ ನನ್ನ ಬಾಯಿಲೆ ಹೇಳಸ್ತೀರೇನು?"

ಕೈಗಳು ಎದ್ದವು. ಬಾಳಕ್ಕ ಅಧ್ಯಕ್ಷೆಯಾದಳು.

ಬಾಗಿಲಲ್ಲಿ ಕೂತಿದ್ದ ಕಾಡಸಿದ್ದನಿಗೆ ನೋವೆಲ್ಲ ಮರೆತುಹೋಯಿತು. ಹೆಂಡತಿಯನ್ನು ಗೆಲ್ಲಿಸಿದ್ದು ಯಾರು? ಅವನ ಖುರ್ಚಿ. ಎದ್ದು ಮೈ ಝಾಡಿಸಿ ಮುಂದೆ ಬಂದ. ಕೌದಿ ಸರಿಸಿ, ಸಿಂಹಾಸನದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಹೆಂಗಸರಿಗೆ ಕಾರಭಾರದ ತ್ರಾಸು ಯಾಕೆ, ಇನ್ನು ಮೇಲೆ ಗಟದ್ದೆಲ್ಲ ತಾನೇ ಒಂದು ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದು ಶುರುಮಾಡಿದ.

ಸೆರಗು ಸರಿ ಮಾಡಿಕೊಳ್ಳುತ್ತಿದ್ದ ಧೊಂಡುಬಾಯಿ ತಲೆ ಎತ್ತಿ ಖುರ್ಚಿಯಲ್ಲಿದ್ದವನನ್ನು ನೋಡಿದಳು. ಅಲ್ಲಿ ತನ್ನ ಗಂಡ ತಾತೋಬಾನೇ ಕೂತ ಹಾಗೆ ನೋಡಿದಳು. ಆಮೇಲೆ ಸಾವಕಾಶ ಎದ್ದು ನಿಂತಳು.

"ನಂದೊಂದು ಠರಾವ ಐತಿ. ಅಧ್ಯಕ್ಷಳ ಗಂಡ ಖುರ್ಚಿಯಾಗ ಕುಂಡ್ರಬಾರದು."

"ಬಾಯಾರ, ಇದು ನಾ ನನ್ನ ಕೈಲೆ ಮಾಡಿದ ಖುರ್ಚಿರಿ," ಅಂದ ಕಾಡಸಿದ್ದ.

"ನಂದೂ ನಾ ಗೆದ್ದ ಖುರ್ಚಿನ ಇತ್ತಪ್ಪಾ," ಎಂದಳು ಧೊಂಡುಬಾಯಿ.

ಈ ಸಲ ಕೈ ಎತ್ತದೆ ಉಳಿದವರು ಒಬ್ಬರೂ ಇಲ್ಲ. ಎಲ್ಲರಿಗಿಂತ ಮೊದಲು ಎದ್ದದ್ದು ಬಾಳಕ್ಕನ ಕೈ. ಠರಾವ ಪಾಸಾಯಿತು. ಕಾಡಸಿದ್ದ ಕಾಲಿನಿಂದ ಕಾಲು ಇಳಿಸಿದ, ಆಮೇಲೆ ತಾನೂ ಇಳಿದ.

ಬಾಳಕ್ಕ ಕೌದಿ ಝಾಡಿಸಿ ಮತ್ತೆ ಖುರ್ಚಿಗೆ ಹೊದಿಸಿದಳು, ಅದರ ಮೇಲೆ ನೆಟ್ಟಗೆ ಕೂತಳು.

"ಆ ಸೋಸಣಿಕಿ ತಗೊಂಡು ಒಳಗ ನಡೀರಿ," ಎಂದಳು. "ಅಧ್ಯಕ್ಷರಿಗೆ ಇನ್ನೂ ಚಹಾ ಬಂದಿಲ್ಲ."