ಪ್ರವೇಶ ಪರೀಕ್ಷೆಗೆ ನನ್ನ ವಿರೋಧ

ಯಾವ ಮಾತನ್ನೇ ಆಗಲಿ, ಕೇಳಿದ ಕೂಡಲೇ ಒಪ್ಪಿಕೊಂಡುಬಿಟ್ಟರೆ ನನಗೆ ಆ ದಿನ ಊಟ ಸೇರುವುದಿಲ್ಲ. ಇದು ಹುಟ್ಟುಗುಣವೋ ಕಾಲೇಜಿನ ಚರ್ಚಾಸಂಘ ಅಂಟಿಸಿದ ಜಾಡ್ಯವೋ ತಿಳಿಯದು. ಸಂಘದಲ್ಲಿ ಪಕ್ಷವನ್ನು ಆರಿಸಿಕೊಳ್ಳುವ ಹಕ್ಕು ನಮಗಿಲ್ಲ; ಚೀಟಿ ಎತ್ತಬೇಕು. ಯಂತ್ರಗಳಿಂದ ಮನುಷ್ಯ ಕೆಟ್ಟ ಎಂದು ಈ ವಾರ ಮೇಜು ಗುದ್ದಿದವನು, ಯಂತ್ರಗಳಿಲ್ಲದೆ ಮನುಷ್ಯನೇ ಇಲ್ಲ ಎಂದು ಮುಂದಿನ ವಾರ ಅದೇ ಮೇಜನ್ನು ಅದೇ ಕೈಯಿಂದ ಗುದ್ದಬೇಕು. ಹೀಗೆ ಕೆಲವು ಕಾಲ ಗುದ್ದಿದ ಮೇಲೆ ಸ್ವಂತದ್ದು ಎನ್ನುವ ಅಭಿಪ್ರಾಯ ಯಾವುದೂ ಉಳಿಯುವುದಿಲ್ಲ. ಎದುರಿಗಿರುವವನ ಅಭಿಪ್ರಾಯ ತಪ್ಪು ಎಂಬ ನಂಬಿಕೆಯೊಂದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. "ಸಾರಿಗೆ ಉಪ್ಪು ಸರಿಯಾಗಿದೆಯೇನೋ?" ಎಂದು ಅಮ್ಮ ಕೇಳಿದರೆ, "ಸರಿ ಅಂದ್ರೆ ಯಾರ ಅಳತೇಲಿ?" ಎನ್ನುತ್ತೇನೆ. ಅಮ್ಮ ವಾದಕ್ಕೆ ಇಳಿಯುವವಳಲ್ಲ. ಮಾರನೆಯ ದಿನ ನನ್ನ ಪಾಲಿನ ಸಾರಿಗೆ ಉಪ್ಪೇ ಇರುವುದಿಲ್ಲ.

ಇಂಥ ನನಗೆ ನಮ್ಮ ಕಾಲೇಜಿನವರು ಆ ಬೇಸಿಗೆಯಲ್ಲಿ ದೊಡ್ಡ ಔತಣವನ್ನೇ ಬಡಿಸಿದರು. ಯುದ್ಧದ ಕಾಲ. ದಂಡಿನ, ಅಂದರೆ ಕಂಟೋನ್‌ಮೆಂಟಿನ, ತುಂಬ ಸೋಲ್ಜರುಗಳು, ಸಕ್ಕರೆಗೆ ರೇಷನ್ನು, ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಹಲಸೂರಿನ ಏರು ಹತ್ತುವ ಬಸ್ಸುಗಳು. ಇಂಟರ್‌ಮೀಡಿಯೆಟ್ಟಿಗೆ ಸೇರಲು ಬರುವವರಲ್ಲಿ ಪೇಟೆಯ ಮಕ್ಕಳದು ಮೈಸೂರಿನ ಎಸ್ಸೆಸ್ಸೆಲ್ಸಿ, ದಂಡಿನ ಮಕ್ಕಳಲ್ಲಿ ಅನೇಕರದು ಮದರಾಸಿನದು, ಕುಕ್ ಟೌನಿನ ಬಂಗಲೆಗಳಿಂದ ಬರುವವರದು ಕೇಂಬ್ರಿಜ್ ಪರೀಕ್ಷೆ. ಮೂರು ಕಡೆಯ ಮಾರ್ಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ಪ್ರತಿವರ್ಷ ಜಗಳ. ನಮ್ಮ ಪ್ರಿನ್ಸಿಪಾಲರು, ಸೈನ್ಯಕ್ಕೆ ಜನ ಆರಿಸುವವರು ಅದೇನೋ ಬುದ್ಧಿಪರೀಕ್ಷೆ ಮಾಡುವುದನ್ನು ಕಂಡು ಮೆಚ್ಚಿ ಬಂದು, ಈ ವರ್ಷದಿಂದ ಎಲ್ಲರಿಗೂ ಒಂದೇ ಪ್ರವೇಶ ಪರೀಕ್ಷೆ, ಅದರ ಮೇಲೆಯೇ ಸೀಟು ಎಂದು ಸಾರಿಬಿಟ್ಟರು. ಒಂದೇ ಪತ್ರಿಕೆ, ಒಂದೇ ಕೊಠಡಿ, ಒಂದೇ ಗಡಿಯಾರ. ಇದಕ್ಕಿಂತ ನ್ಯಾಯ ಉಂಟೇ ಎಂದು ಊರೆಲ್ಲ ತಲೆದೂಗಿತು. ಊರೆಲ್ಲ ತಲೆದೂಗಿತಲ್ಲ, ಅಷ್ಟೇ ಸಾಕಾಯಿತು ನನಗೆ. ಊರಿನವರಿಗೆಲ್ಲ ಒಂದೇ ಅಳತೆಯ ಬೂಟು ಕೊಟ್ಟು, ಓಡಲಾರದವನ ಕಾಲೇ ಸರಿಯಿಲ್ಲ ಎನ್ನುವುದು ಯಾವ ನ್ಯಾಯ?

ಈ ವಿರೋಧಕ್ಕೆ ಮನೆಯಲ್ಲಿಯೇ ಒಂದು ಕಾರಣವೂ ಇತ್ತು. ಕಗ್ಗದಾಸಪುರದಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಚಿಕ್ಕಪ್ಪನ ಮಗಳು ನಾಗರತ್ನ ಹಲಸೂರಿನ ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿದ್ದಳು. ಡಾಕ್ಟರಾಗಬೇಕೆಂದು ಅವಳ ಹಟ. ಚಿಕ್ಕಪ್ಪ ಒಳ್ಳೆಯವರೇ, ಆದರೆ ಅವರ ಮಾತು ನೇರ. "ಕಾಲೇಜ್ನೋರು ಸೇರಿಸ್ಕೊಂಡ್ರೆ ಓದು ಮಗಳೇ, ನಾನು ಬೇಡ ಅನ್ನಲ್ಲ. ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ಊರಿಗೆ ಬಂದ್ಬಿಡು." ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಬಂದಿದ್ದ ಮಾರ್ಕು ಸಾಧಾರಣ. ಇಂಗ್ಲಿಷಿನಲ್ಲಿ ಸಮುದ್ರತೀರದಲ್ಲಿ ಕಳೆದ ಒಂದು ದಿನದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರಂತೆ. ಅವಳು ಕಂಡ ನೀರೆಂದರೆ ಕಗ್ಗದಾಸಪುರದ ಕೆರೆ. ಅದಕ್ಕೇ ಅಲೆ ಬರಿಸಿ, ದಡದಲ್ಲಿ ಎಮ್ಮೆ ಮಲಗಿಸಿ, ಬಟ್ಟೆ ಒಗೆಯುವವರನ್ನು ನಿಲ್ಲಿಸಿ ಮುಗಿಸಿದ್ದಳು. ಪರೀಕ್ಷಕರಿಗೆ ಆ ಸಮುದ್ರ ಹಿಡಿಸಲಿಲ್ಲ.

ಕಾಲೇಜಿನವರು ಹಂಚಿದ ಮಾದರಿ ಪತ್ರಿಕೆಯನ್ನು ಅವಳು ತಂದು ತೋರಿಸಿದಾಗ ನನ್ನ ರಕ್ತ ಕುದಿಯಿತು. ಇಷ್ಟು ಪೌಂಡಿಗೆ ಎಷ್ಟು ಶಿಲ್ಲಿಂಗು ಎಂಬ ಲೆಕ್ಕ. ಊಟದ ಮೇಜಿನ ಮೇಲೆ ಯಾವ ಚಮಚ ಯಾವ ಪಕ್ಕದಲ್ಲಿರಬೇಕು ಎಂಬ ಚಿತ್ರ. ಟೆನ್ನಿಸ್ ಆಟದ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಊಟದ ಮೇಜೂ ಇಲ್ಲ, ಇರುವ ಒಂದು ಚಮಚ ಉಪ್ಪಿನಕಾಯಿ ಜಾಡಿಯನ್ನು ಬಿಟ್ಟು ಕದಲುವುದೂ ಇಲ್ಲ. "ನೋಡಿದ್ಯಾ ಅನ್ಯಾಯ?" ಎಂದೆ. ನಾಗರತ್ನ, "ಅನ್ಯಾಯ ಆಮೇಲೆ ನೋಡೋಣ ಅಣ್ಣ, ಮೊದ್ಲು ಶಿಲ್ಲಿಂಗಿಗೆ ಎಷ್ಟು ಪೆನ್ನಿ ಹೇಳು" ಎಂದಳು. ನನಗೆ ಗೊತ್ತಿರಲಿಲ್ಲ. ತತ್ತ್ವದ ಪ್ರಶ್ನೆ ಎದುರಿಗಿರುವಾಗ ಪೆನ್ನಿಯ ಮಾತು ಎತ್ತಬಾರದೆಂದು ಗದರಿಸಿದೆ.

ಆ ಸಂಜೆಯೇ ಕೂತು ಪ್ರಿನ್ಸಿಪಾಲರಿಗೆ ಒಂದು ಮನವಿ ಬರೆದೆ. ಅವರು ನಮ್ಮ ಚರ್ಚಾಸಂಘದ ಅಧ್ಯಕ್ಷರೂ ಹೌದು. ಚೆನ್ನಾಗಿ ಜಗಳವಾಡುವ ಹುಡುಗರನ್ನು ಕಂಡರೆ ಅವರಿಗೆ ಮಕ್ಕಳ ಮೇಲಿನಷ್ಟು ಪ್ರೀತಿ. ಮನವಿಯನ್ನು ಓದಿ ಕನ್ನಡಕದ ಮೇಲಿಂದ ನೋಡಿದರು. "ಪರೀಕ್ಷೆ ತಡೆಯೋಕೆ ಈಗ ಹೊತ್ತಿಲ್ಲ, ನಡೆದುಹೋಗ್ಲಿ. ಅದಾದ ಶನಿವಾರ ಅಧ್ಯಾಪಕರ ಸಭೆ ಇದೆ. ಬಂದು ವಾದ ಮಾಡು. ನೀನು ಅವರನ್ನ ಒಪ್ಪಿಸಿದ್ರೆ ಪರೀಕ್ಷೆ ಪತ್ರಿಕೆಗಳನ್ನ ಕಟ್ಟಿ ಬೀರುವಿನಲ್ಲಿಡ್ತೀವಿ, ಹಳೇ ಥರ ಮಾರ್ಕು ನೋಡಿ ಸೀಟು ಕೊಡ್ತೀವಿ" ಎಂದರು. ನಾನು ನೆಲದ ಮೇಲೆ ನಡೆಯಲಿಲ್ಲ, ತೇಲುತ್ತ ಮನೆಗೆ ಬಂದೆ.

ಪರೀಕ್ಷೆಯ ದಿನ ಸಂಜೆ ನಾಗರತ್ನಳನ್ನು ಸಮಾಧಾನ ಮಾಡಲು ನಾಲ್ಕು ಒಳ್ಳೆಯ ಮಾತು ಸಿದ್ಧಮಾಡಿಕೊಂಡು ಜಗುಲಿಯಲ್ಲಿ ಕುಳಿತಿದ್ದೆ. ಅವಳು ನಗುತ್ತ ಬಂದಳು.

"ಅಣ್ಣ, ಶಿಲ್ಲಿಂಗೂ ಇಲ್ಲ, ಚಮಚಾನೂ ಇಲ್ಲ. ಪೂರ್ತಿ ರಂಗೋಲಿ."

"ಏನೇ ಹಾಗಂದ್ರೆ?"

"ಚುಕ್ಕಿ ಇಟ್ಟು ಗೆರೆ ಎಳೆದಿರ್ತಾರೆ. ಮಧ್ಯೆ ಒಂದು ತುಂಡು ಅಳಿಸಿಬಿಟ್ಟಿರ್ತಾರೆ. ಅಲ್ಲಿಗೆ ಯಾವ ತುಂಡು ಕೂರುತ್ತೆ ಹೇಳ್ಬೇಕು. ಒಂದು ಆಕಾರ ತಿರುಗಿಸಿದ್ರೆ ಹೇಗೆ ಕಾಣುತ್ತೆ, ಮಡಿಸಿದ್ರೆ ಹೇಗೆ ಕಾಣುತ್ತೆ. ಎದುರು ಮನೆ ಆಂಡಾಳಮ್ಮನ ಕೋಲದ ಮುಂದೆ ಅದೆಲ್ಲ ಏನೇನೂ ಇಲ್ಲ."

ಇಲ್ಲಿ ನಮ್ಮ ಬೀದಿಯ ವಿಷಯ ಒಂದಿಷ್ಟು ಹೇಳಬೇಕು. ಎದುರು ಮನೆಯ ಆಂಡಾಳಮ್ಮನವರು ತಮಿಳರು. ಅವರದು ತಮಿಳು ಕೋಲ, ನಮ್ಮದು ಕನ್ನಡದ ಚುಕ್ಕಿ ರಂಗೋಲಿ. ಬೆಳಗಾದರೆ ಎರಡು ಹೊಸಿಲುಗಳಿಗೂ ಪೈಪೋಟಿ. ಅವರು ಚುಕ್ಕಿಗಳ ಸುತ್ತ ಒಂದೇ ಗೆರೆಯನ್ನು ಎಲ್ಲೂ ಕಡಿಯದೆ ಸುತ್ತಿ ಬಳಸಿ ಹೊರಟ ಜಾಗಕ್ಕೇ ತರುತ್ತಾರೆ. ನಾಗರತ್ನ ಅದನ್ನು ನಿಂತ ಹಾಗೆಯೇ ಒಂದು ಸಲ ನೋಡಿ, ಒಳಗೆ ಬಂದು, ಅದಕ್ಕೆ ಇನ್ನೆರಡು ಸುತ್ತು ಸೇರಿಸಿ ನಮ್ಮ ಬಾಗಿಲಲ್ಲಿ ಬಿಡಿಸುತ್ತಾಳೆ. ಆಂಡಾಳಮ್ಮ ಸೊಂಟದ ಮೇಲೆ ಕೈಯಿಟ್ಟು, "ಪರವಾಯಿಲ್ಲೆ, ಈ ಹುಡುಗಿ ಕಣ್ಣಲ್ಲೇ ಕದೀತಾಳೆ" ಎನ್ನುತ್ತಾರೆ. ಇಷ್ಟು ದಿನ ಇದನ್ನೆಲ್ಲ ನಾನು ತುಳಿದುಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ.

ನನಗೆ ಸಂತೋಷವಾಯಿತು. ಮನವಿಯ ಭರದಲ್ಲಿ ಅವಳ ಸಾಧಾರಣ ಮಾರ್ಕನ್ನು ಮರೆತೇಬಿಟ್ಟಿದ್ದೆನೆಂಬುದು ಮರುಕ್ಷಣವೇ ನೆನಪಾಯಿತು. ನಾಗರತ್ನಳೇ ಬಿಡಿಸಿ ಹೇಳಿದಳು: "ಶನಿವಾರ ನೀನು ಗೆದ್ದುಬಿಟ್ರೆ ಆ ಪತ್ರಿಕೆ ಬೀರು ಸೇರುತ್ತೆ. ಮಾರ್ಕು ನೋಡ್ತಾರೆ. ನಾನು ಊರು ಸೇರ್ತೀನಿ."

"ವಾದ ವಾಪಸ್ ತಗೋತೀನಿ ಬಿಡು" ಎಂದೆ. ಆದರೆ ಪ್ರಿನ್ಸಿಪಾಲರು ಬಿಡಲಿಲ್ಲ. ಅಧ್ಯಾಪಕರಿಗೆಲ್ಲ ತಿಳಿಸಿಯಾಗಿದೆ, ನಿನ್ನ ಎದುರಿಗೆ ಮಾತಾಡಲು ಗಣಿತದ ಮೇಷ್ಟ್ರು ಸಿದ್ಧರಾಗಿದ್ದಾರೆ, ಹೆದರಿ ಓಡಬಾರದು ಎಂದು ಬೆನ್ನು ತಟ್ಟಿದರು. ಉಳಿದದ್ದು ಒಂದೇ ದಾರಿ: ಹೋಗಿ ಸೋಲುವುದು. ಗೆಲ್ಲುವುದಕ್ಕೆ ನನಗೆ ಎಲ್ಲರೂ ಕಲಿಸಿದ್ದರು, ಸೋಲುವುದನ್ನು ಯಾರೂ ಕಲಿಸಿರಲಿಲ್ಲ. ಬ್ಲ್ಯಾಕ್‌ಪಲ್ಲಿಯಲ್ಲಿರುವ ನನ್ನ ಚರ್ಚಾಸಂಘದ ಗೆಳೆಯ ಖಾದರನ ಬಳಿಗೆ ಹೋದೆ.

"ಸೋಲೋದಾ? ಸರಿಯಾದ ಮನೆಗೇ ಬಂದಿದೀಯ ಭಾಯಿ. ಅದರಲ್ಲಿ ನನಗಿರೋ ಅನುಭವ ದಂಡಲ್ಲಿ ಇನ್ಯಾರಿಗೂ ಇಲ್ಲ" ಎಂದು ಖಾದರ್ ಚಹಾ ತರಿಸಿದ. "ನೋಡು, ಮೆಲ್ಲಗೆ ಮಾತಾಡು. ಉದ್ದ ಮಾತಾಡು. ಹೇಳಿದ್ದನ್ನೇ ಹೇಳು. ಅವರು ತಪ್ಪು ಹೇಳಿದ್ರೆ ಬಾಯಿ ಬಿಡಬೇಡ. ಅದೊಂದು ನಿನ್ನ ಕೈಲಿ ಆಗುತ್ತಾ?"

"ಯಾಕಾಗಲ್ಲ?" ಎಂದು ವಾದಕ್ಕೆ ನಿಂತೆ. ಖಾದರ್ ಹಣೆ ಚಚ್ಚಿಕೊಂಡ.

ಶನಿವಾರ ಸಭೆಯಲ್ಲಿ ಅವನು ಹೇಳಿದಂತೆಯೇ ಮಾಡಿದೆ. ಪಿಸುಗುಟ್ಟುವ ದನಿಯಲ್ಲಿ, ಒಂದೇ ಮಾತನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತ ನಿದ್ದೆ ಬರುವ ಹಾಗೆ ಮಾತಾಡಿದೆ. ಆದರೆ ಕೇಳುತ್ತಿದ್ದವರು ಅಧ್ಯಾಪಕರು. ದಿನವೂ ತಾವು ಮಾತಾಡುವ ಧಾಟಿಯೇ ಕಿವಿಗೆ ಬಿದ್ದು ಅವರಿಗೆ ಹಿತವಾಯಿತೆಂದು ಕಾಣುತ್ತದೆ. "ಹುಡುಗ ಪ್ರೌಢನಾಗಿದಾನೆ, ಮೊದಲಿನ ಹಾರಾಟ ಇಲ್ಲ" ಎಂದು ಚರಿತ್ರೆಯ ಮೇಷ್ಟ್ರು ಪಕ್ಕದವರಿಗೆ ಹೇಳುವುದು ನನಗೇ ಕೇಳಿಸಿತು. ಹೀಗಾದರೆ ಗೆದ್ದೇಬಿಡುತ್ತೇನೆ. ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕುಳಿತೆ. ಎಷ್ಟು ಸಂಯಮ ಎಂದು ಅದಕ್ಕೂ ತಲೆದೂಗಿದರು.

ಆಮೇಲೆ ಗಣಿತದ ಮೇಷ್ಟ್ರು ಎದ್ದರು. ಸಾಧು ಮನುಷ್ಯ, ಮಾತಾಡುವುದೆಲ್ಲ ಕಪ್ಪು ಹಲಗೆಯ ಜೊತೆಗೆ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಮಾದರಿಯಲ್ಲಿದ್ದ ಶಿಲ್ಲಿಂಗಿನ ಪ್ರಶ್ನೆಗಳು ಎಲ್ಲ ಮನೆಗಳಿಗೂ ತಿಳಿದವಲ್ಲವೆಂದು ತಾವೇ ತೆಗೆದುಹಾಕಿದ್ದನ್ನು ಅವರು ಹೇಳಿದರು, ಒಳ್ಳೆಯದಾಯಿತು ಎಂದುಕೊಂಡೆ. ಎಲ್ಲರಿಗೂ ಒಂದೇ ಗಡಿಯಾರ ಎಂದರು, ಸಹಿಸಿಕೊಂಡೆ. ಇನ್ನೇನು ಮುಗಿಯಿತು ಎನ್ನುವಾಗ, "ಈ ಚುಕ್ಕಿ ಗೆರೆಗಳು ಶುದ್ಧ ಬುದ್ಧಿ. ಇದನ್ನ ಯಾವ ಮನೇಲೂ ಯಾರೂ ಹೇಳಿಕೊಡಲ್ಲ. ಹೇಳಿಕೊಡೋ ಒಂದು ಮನೆ ತೋರಿಸಿ, ನಾನು ಕೂತುಬಿಡ್ತೀನಿ" ಎಂದರು.

ಓದುಗರು ನನ್ನ ಜಾಗದಲ್ಲಿ ಕುಳಿತು ನೋಡಬೇಕು. ಎದುರಾಳಿ ತಪ್ಪು ಹೇಳಿದ್ದಾನೆ, ಸವಾಲು ಹಾಕಿದ್ದಾನೆ, ಉತ್ತರ ಜೇಬಿನಲ್ಲಿದೆ. ತಂಗಿಯ ಮುಖ ಕಣ್ಣ ಮುಂದೆ ಬಂತು ನಿಜ, ಆದರೆ ಅಷ್ಟು ಹೊತ್ತಿಗೆ ನನ್ನ ಕಾಲುಗಳು ಎದ್ದು ನಿಂತಿದ್ದವು.

"ನಮ್ಮ ಮನೆ, ಸಾರ್. ಹಲಸೂರಿನಲ್ಲಿ. ಬೇಕಾದ್ರೆ ಎದುರು ಮನೆಯನ್ನೂ ತೋರಿಸ್ತೀನಿ" ಎಂದು ನುಗ್ಗಿದವನು ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಚುಕ್ಕಿ ಇಟ್ಟೆ. ಕೋಲದ ಗೆರೆ ನನ್ನ ಕೈಯಲ್ಲಿ ಎರಡೇ ತಿರುವಿಗೆ ಸಿಕ್ಕಾಗಿ ಹೋಯಿತು. ಅದನ್ನೂ ಸಾಕ್ಷಿಯಾಗಿ ಬಳಸಿಕೊಂಡೆ: ದಿನಾ ಬಿಡಿಸುವವರಿಗೆ ಬರುವುದು, ದಿನಾ ತುಳಿಯುವವನಿಗೆ ಬರುವುದಿಲ್ಲ, ಹಾಗಾದರೆ ಇದು ಶುದ್ಧ ಬುದ್ಧಿ ಹೇಗಾಯಿತು? ಗಣಿತದ ಮೇಷ್ಟ್ರು ಕೊಟ್ಟ ಮಾತಿನಂತೆ ಕೂತುಬಿಟ್ಟರು.

ಪ್ರಿನ್ಸಿಪಾಲರು, "ಅಂದ್ರೆ ಈ ಪರೀಕ್ಷೆಯಿಂದ ಅನ್ಯಾಯ ಆಗಿರೋದು ಯಾರಿಗಯ್ಯ?" ಎಂದರು.

"ಕುಕ್ ಟೌನಿನ ಹುಡುಗರಿಗೆ, ಸಾರ್."

"ನಿಮ್ಮ ಮನೆಯಿಂದ ಯಾರು ಬರೆದಿದಾರೆ?"

"ನನ್ನ ತಂಗಿ. ಚೆನ್ನಾಗಿಯೇ ಬರೆದಿದಾಳಂತೆ. ಮಾರ್ಕಿನ ಮೇಲೆ ಹೋದ್ರೆ ಅವಳಿಗೆ ಸೀಟಿಲ್ಲ, ಸಾರ್."

"ಮತ್ತೆ ಅವಳ ಸೀಟನ್ನ ನೀನೇ ತಪ್ಪಿಸೋಕೆ ಬಂದಿದೀಯಾ?"

"ಸೋಲೋಕೆ ಅಂತಲೇ ಬಂದಿದ್ದೆ, ಸಾರ್. ಆಗ್ಲಿಲ್ಲ."

ಸಭೆ ಘೊಳ್ಳೆಂದು ನಕ್ಕಿತು. ಗಣಿತದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಇಳಿದ ಮೇಲೆ ಪ್ರಿನ್ಸಿಪಾಲರು, "ಇವನು ಗೆದ್ದ, ಒಪ್ಪಬೇಕು. ಈ ಪತ್ರಿಕೆ ಕೆಲವರ ಕಡೆ ವಾಲಿದೆ. ಮಾರ್ಕು ಬೇರೆ ಕೆಲವರ ಕಡೆ ವಾಲಿರೋದು ನಮಗೆ ಮೊದಲೇ ಗೊತ್ತು. ಅರ್ಧ ಸೀಟು ಮಾರ್ಕಿಗೆ, ಅರ್ಧ ಸೀಟು ಪರೀಕ್ಷೆಗೆ. ಯಾವ ಬಾಗಿಲು ತೆರೆದಿದ್ಯೋ ಅದರಲ್ಲಿ ಬರಲಿ" ಎಂದರು. ಅಧ್ಯಾಪಕರೆಲ್ಲ ಕೈಯೆತ್ತಿದರು. ಒಂದು ವಿಷಯಕ್ಕೆ ಎರಡು ಪಕ್ಷ ಎಂದು ಕಲಿತಿದ್ದ ನನಗೆ ಮೂರನೆಯದೊಂದು ಇರಬಹುದೆಂದು ಹೊಳೆದೇ ಇರಲಿಲ್ಲ.

ಪಟ್ಟಿ ಬಂದಾಗ ಪರೀಕ್ಷೆಯ ಸಾಲಿನಲ್ಲಿ ನಾಗರತ್ನಳ ಹೆಸರು ಮೇಲೆಯೇ ಇತ್ತು. ಆಂಡಾಳಮ್ಮನವರು ಅದು ತಮ್ಮದೇ ಪಾಸು ಎಂಬಂತೆ ಬೀದಿಗೆಲ್ಲ ಪಾಯಸ ಹಂಚಿದರು, ಅದೂ ಸಕ್ಕರೆ ರೇಷನ್ನಿನ ಕಾಲದಲ್ಲಿ. ಭಾನುವಾರ ಚಿಕ್ಕಪ್ಪ ಎತ್ತಿನಗಾಡಿ ಕಟ್ಟಿಕೊಂಡು ಬಂದರು. ಇಳಿದವರೇ ತಮ್ಮ ತೋಟದ ದ್ರಾಕ್ಷಿಯ ಬುಟ್ಟಿಯೊಂದನ್ನು ತಂದು ನನ್ನ ಮುಂದಿಟ್ಟರು.

"ನೀನು ಅಷ್ಟು ಜನ ಮೇಷ್ಟ್ರುಗಳ ಮುಂದೆ ತಂಗಿ ಪರವಾಗಿ ವಾದ ಮಾಡಿದ್ಯಂತಲ್ಲಪ್ಪ. ನಿನ್ನಿಂದ ಅವಳಿಗೆ ದಾರಿ ಆಯ್ತು. ತಗೋ, ಇದು ಪೂರ್ತಿ ನಿಂದೇ."

ಅಮ್ಮ ಬಾಗಿಲ ಮರೆಯಿಂದ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ನಾಗರತ್ನ ನನ್ನ ಕಾಲು ತುಳಿದಳು. ಆದರೆ ಚಿಕ್ಕಪ್ಪ ಹೇಳಿದ್ದು ಮೂಲದಲ್ಲೇ ತಪ್ಪಲ್ಲವೇ?

"ಹಾಗಲ್ಲ ಚಿಕ್ಕಪ್ಪ, ನಾನು ವಾದ ಮಾಡಿದ್ದು ವಿರುದ್ಧವಾಗಿ" ಎಂದು ಶುರುಮಾಡಿದೆ. ಅವರು "ಇರಲಿ ಬಿಡು" ಎಂದರು. ನಾನು ಬಿಡಲಿಲ್ಲ. ಮನವಿಯಿಂದ ಹಿಡಿದು ಸೀಮೆಸುಣ್ಣದವರೆಗೆ ಎಲ್ಲವನ್ನೂ ಕ್ರಮವಾಗಿ ವಿವರಿಸಿ, ಅವಳಿಗೆ ಸೀಟು ಸಿಕ್ಕಿದ್ದು ಅವಳ ರಂಗೋಲಿಯಿಂದ, ನನ್ನ ವಾದದಲ್ಲಿ ಅವಳಿಗೆ ಅನುಕೂಲವಾದದ್ದು ಏನೇನೂ ಇರಲಿಲ್ಲ ಎಂದು ಅಡ್ಡಮಾತಿಗೆ ಎಡೆಯಿಲ್ಲದ ಹಾಗೆ ಸಾಧಿಸಿಬಿಟ್ಟೆ. ಚಿಕ್ಕಪ್ಪ ಎಲ್ಲವನ್ನೂ ತಲೆದೂಗುತ್ತ ಕೇಳಿದರು.

"ನೀನು ಹೇಳೋದು ಸರಿ ಕಣಪ್ಪ" ಎಂದು ಒಪ್ಪಿಕೊಂಡು, ಬುಟ್ಟಿಯನ್ನು ಎತ್ತಿ ನಾಗರತ್ನಳ ಮುಂದಿಟ್ಟರು.