ಬೀಗರು ಮುಖ ತೊಳೆದ ಬಚ್ಚಲ ನೀರು

ಇಂದ:
ತಿಮ್ಮರಾಯಪ್ಪ, ನೀರಗಂಟಿ,
ಕರಿಕಲ್ಲಹಟ್ಟಿ, ಮತ್ತೋಡು ಹೋಬಳಿ, ಹೊಸದುರ್ಗ ತಾಲ್ಲೂಕು.

ಗೆ:
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ, ಕರಿಕಲ್ಲಹಟ್ಟಿ.

ವಿಷಯ: ಮಗಳ ಮದುವೆಗೆ ಊರಿನವರು ಸರದಿಯ ಮೇಲೆ ಸ್ನಾನ ಮಾಡುವಂತೆ ಆದೇಶಿಸುವ ಬಗ್ಗೆ.

ಉಲ್ಲೇಖ: ಹೆಣ್ಣು ನೋಡಲು ಬಂದ ಬೀಗರು ಬಚ್ಚಲ ನೀರಿನಲ್ಲಿ ಮುಖ ತೊಳೆದ ಪ್ರಕರಣ.

ಮಾನ್ಯರೇ,

1. ಅರ್ಜಿದಾರರು ಊರಿನ ನೀರಗಂಟಿಯಾಗಿದ್ದು, ತಮ್ಮ ಮನೆಯ ಎದುರಿಗೇ ಪಂಚಾಯಿತಿ ಕಟ್ಟಿಸಿದ ಬೂದು ನೀರಿನ ಘಟಕವನ್ನೂ ನೋಡಿಕೊಳ್ಳುತ್ತಾರೆ. ಊರವರು ಮೈ, ಬಟ್ಟೆ, ಪಾತ್ರೆ ತೊಳೆದ ನೀರೆಲ್ಲ ಚರಂಡಿಯಲ್ಲಿ ಅಲ್ಲಿಗೆ ಬಂದು, ಜಲ್ಲಿ ಮರಳಿನ ನಡುವೆ ಇಳಿದು, ಕಾಬಾಳೆ ಗಿಡಗಳ ಬೇರು ದಾಟಿ, ಕೊನೆಯ ತೊಟ್ಟಿಯಲ್ಲಿ ತಿಳಿಯಾಗಿ ನಿಲ್ಲುತ್ತದೆ. ಕಾಬಾಳೆ ಕೆಂಪಗೆ ಹೂ ಬಿಟ್ಟಿರುವ ಕಾರಣ ಹೊಸಬರು ಅದನ್ನು ಉದ್ಯಾನವೆಂದೇ ತಿಳಿಯುತ್ತಾರೆ.

2. ಕಳೆದ ಭಾನುವಾರ ಮಗಳು ಮಮತಾಳನ್ನು ನೋಡಲು ತಾಳ್ಯದ ಹೊನ್ನಕ್ಕನವರು ಮಗ ರವೀಂದ್ರನೊಂದಿಗೆ ಬರುವವರಿದ್ದರು. ಇದಕ್ಕೂ ಮುಂಚಿನ ಸಂಬಂಧವೊಂದು ಚರಂಡಿ ಕಾಯುವವರ ಮನೆ ಎಂಬ ಕಾರಣಕ್ಕೆ ತಪ್ಪಿಹೋಗಿತ್ತು. ಆದ್ದರಿಂದ ಅರ್ಜಿದಾರರು ಅಂದು ಘಟಕದ ಹೆಸರು ಬರೆದ ಫಲಕಕ್ಕೆ ಕಂಬಳಿ ಹೊದಿಸಿದ್ದು ನಿಜ. ಕಚೇರಿಯಿಂದ ವಿವರಣೆ ಕೇಳಿದಲ್ಲಿ, ಬಿಸಿಲಿಗೆ ಬಣ್ಣ ಮಾಸದಿರಲೆಂದು ಹೊದಿಸಲಾಯಿತು ಎಂದು ಬರೆದುಕೊಡಲು ಸಿದ್ಧರಿದ್ದಾರೆ.

3. ಕಾರು ನೇರ ತೊಟ್ಟಿಯ ಮುಂದೆಯೇ ನಿಂತಿತು. ಹೊನ್ನಕ್ಕ ಇಳಿದವರೇ ಹೂವು ಕಂಡು ಹಿಗ್ಗಿ, ಅರ್ಜಿದಾರರು ಓಡಿ ಬರುವಷ್ಟರಲ್ಲಿ ಕೈಕಾಲು ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ರವೀಂದ್ರನೂ ಬಗ್ಗಿದ್ದ. ಎಂಥ ತಣ್ಣನೆಯ ನೀರು, ಎಲ್ಲಿಯದು ಎಂದು ಆಕೆ ವಿಚಾರಿಸಲಾಗಿ, ಗಾಬರಿಯಲ್ಲಿ ಅರ್ಜಿದಾರರ ಬಾಯಿಂದ "ಬೆಟ್ಟದ ಸೆಲೆ ಕಣವ್ವ" ಎಂಬ ಮಾತು ಹೊರಬಿತ್ತು. ಊರಿನ ಸುತ್ತ ಬೆಟ್ಟವೇ ಇಲ್ಲದ ಕಾರಣ ಎಲ್ಲರೂ ಒಮ್ಮೆ ಸುತ್ತ ನೋಡಿದರು.

4. ಅಷ್ಟರಲ್ಲಿ ಮನೆಯಿಂದ ಬಂದ ಮಮತಾ ಫಲಕದ ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡಳು. "ಇದು ಊರಿನ ಬಚ್ಚಲ ನೀರು ಕಣತ್ತೆ. ನಿನ್ನೆ ನಾವು ಮೈ ತೊಳ್ಕಂಡಿದ್ದೇ ಇವತ್ತು ಇಲ್ಲಿಗೆ ಬಂದೈತೆ. ಗಿಡಕ್ಕೆ ಬಿಡೋದು. ಒಳಗೆ ಬರ್ರಿ, ಸೋಪು ಕೊಡ್ತೀನಿ" ಎಂದಳು. ಅರ್ಜಿದಾರರ ಪತ್ನಿ ಮಲ್ಲಕ್ಕ ಮಂಡಕ್ಕಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಈ ಸಂಬಂಧವೂ ಚರಂಡಿ ಪಾಲಾಯಿತೆಂದು ಅರ್ಜಿದಾರರು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು.

5. ಹೊನ್ನಕ್ಕ ತಮ್ಮ ಅಂಗೈ ಮೂಸಿದರು. ಮಗನ ಅಂಗೈಯನ್ನೂ ಮೂಸಿದರು. ಚರಂಡಿಯ ಬಾಯಿಯವರೆಗೆ ನಡೆದು, ಅಲ್ಲಿ ಮೂಗು ಮುಚ್ಚಿಕೊಂಡು, ವಾಪಸು ಬಂದು ಮತ್ತೊಮ್ಮೆ ತೊಟ್ಟಿಗೆ ಬಗ್ಗಿ ನೋಡಿ ಹೇಳಿದ್ದು ಹೀಗೆ: "ಅಂಥಾ ಗಲೀಜು ಹಿಂಗೆ ತಿಳಿಯಾಗ್ತೈತೆ ಅಂದ್ರೆ, ನಮ್ ರವೀಂದ್ರನ್ನೂ ನಾಕ್ ದಿನ ಇದರಾಗೆ ಬಿಡ್ಬೌದು."

ಮೊದಲು ನಕ್ಕದ್ದು ಮಮತಾ, ಆಮೇಲೆ ರವೀಂದ್ರ. ಮುಂದೆ ಯಾರು ಯಾರು ನಕ್ಕರೆಂಬ ಮಾಹಿತಿ ಲಭ್ಯವಿರುವುದಿಲ್ಲ. ಮಂಡಕ್ಕಿ ಮಾತ್ರ ಅಂಗಳದ ತುಂಬ ಬಿದ್ದಿತ್ತು.

6. ಹುಡುಗ ಹುಡುಗಿ ಇಬ್ಬರೂ ಒಪ್ಪಿರುತ್ತಾರೆ. ಸೊಸೆ ಬಂದು ತಮ್ಮ ಬೀದಿಗೂ ಇಂಥದ್ದೊಂದು ಮಾಡಿಸಬೇಕೆಂಬುದು ಹೊನ್ನಕ್ಕನವರ ಏಕೈಕ ಷರತ್ತು. ಹಾಗಾದರೆ ತವರಿನ ಸೀರೆಯ ಜೊತೆ ಒಂದು ಮೂಟೆ ಕಾಬಾಳೆ ಗೆಡ್ಡೆಯನ್ನೂ ಕಳಿಸಬೇಕೆಂದು ಮಮತಾ ಹಟ ಹಿಡಿದಿರುತ್ತಾಳೆ. ಗಿಡ ಪಂಚಾಯಿತಿಯ ಆಸ್ತಿಯಾದ ಕಾರಣ ತಮ್ಮ ಅನುಮತಿ ಬೇಕಾಗಿದೆ.

7. ಮದುವೆ ಊರಲ್ಲೇ ನಡೆಯಲಿದ್ದು, ಅಂದು ಊರಿಗೆ ಊರೇ ಎಣ್ಣೆ ಸೀಗೆಪುಡಿ ಹಚ್ಚಿ ಏಕಕಾಲಕ್ಕೆ ಮಿಂದಲ್ಲಿ, ಜಲ್ಲಿ ಕಟ್ಟಿಕೊಂಡು ಬೀಗರ ಎದುರಿಗೇ ಘಟಕ ಉಕ್ಕುವ ಸಂಭವವಿರುತ್ತದೆ.

ಆದ್ದರಿಂದ ಕೆಳಗಿನ ಬೀದಿಯವರು ಹಿಂದಿನ ಸಂಜೆಯೂ, ಮೇಲಿನ ಬೀದಿಯವರು ಮದುವೆಯ ಮುಂಜಾನೆಯೂ ಸ್ನಾನ ಮಾಡತಕ್ಕದ್ದೆಂದು ಡಂಗುರ ಸಾರಿಸಿ, ಗೆಡ್ಡೆ ಕೀಳಲು ಅನುಮತಿಸಿ, ಧಾರೆಯ ಹೊತ್ತಿಗಾದರೂ ಅರ್ಜಿದಾರರಿಗೆ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ.

ಬಚ್ಚಲ ನೀರನ್ನೇ ನಂಬಿರುವ ತಮ್ಮ ವಿಶ್ವಾಸಿ,
ತಿಮ್ಮರಾಯಪ್ಪ

ಲಗತ್ತು: ಲಗ್ನಪತ್ರಿಕೆ, ತೊಟ್ಟಿಯ ನೀರು ಒಂದು ಬಾಟಲಿ (ಮೂಸಬಹುದು, ಕುಡಿಯಬಾರದು).

ವಿ.ಸೂ.: ಮದುವೆಗೆ ತಾವು ಕುಟುಂಬ ಸಮೇತ ಆಗಮಿಸಬೇಕು. ಸ್ನಾನ ಮಾತ್ರ ತಮ್ಮ ಮನೆಯಲ್ಲೇ ಮುಗಿಸಿಕೊಂಡು ಬರಬೇಕಾಗಿ ವಿನಂತಿ.